ಮೂರು ಬಟ್ಟಲು ಕಾಚಂಪುಳಿ

“ಗಾಯಕ್ಕೆ ಅಂಟಿಕೊಂಡಿರಲಿಲ್ಲ ಅಂದ್ರೆ ಅದು ನನ್ನ ಪಟ್ಟಿ ಅಲ್ಲ ಮೇಡಂ.”

ಬೆಳಗಿನಿಂದ ತನ್ನ ಪಟ್ಟಿ ತಯಾರಿಸುವ ಘಟಕದ ಕೋಣೆಯಲ್ಲಿ ಕೂತು ಹಂಸಿನಿ ಹೇಳುತ್ತಿದ್ದುದು ಇದೊಂದೇ ಮಾತು. ಸಬ್ ಇನ್‌ಸ್ಪೆಕ್ಟರ್ ಕಾತ್ಯಾಯನಿಗೆ ಅದು ನಿಜವೆನಿಸುತ್ತಿತ್ತು. ಅವಳ ತಲೆನೋವೇ ಅದು. ನಿಜವೆನಿಸಿದ್ದನ್ನು ಫೈಲಿನೊಳಗೆ ಇಡಲು ಬರುವುದಿಲ್ಲ.

“ಇನ್ನೊಂದ್ಸಲ ಹೇಳಿ. ನನ್ನಂಥವಳಿಗೆ ಅರ್ಥ ಆಗೋ ಹಾಗೆ.”

ಹಂಸಿನಿ ಮೇಜಿನ ಮೇಲಿದ್ದ ಕಾಫಿ ಸಿಪ್ಪೆಯನ್ನು ಒಂದು ಹಿಡಿ ಎತ್ತಿಕೊಂಡಳು. “ಇದ್ರಲ್ಲಿ ನಾರುಂಟು. ಅದನ್ನ ಕರಗಿಸಿ, ಸಣ್ಣ ತೂತುಗಳಿಂದ ಹಾಯಿಸಿ ದಾರ ಮಾಡ್ತೇವೆ. ದಾರದಿಂದ ಬಟ್ಟೆ. ಬರೀ ಬಟ್ಟೆ ರಕ್ತ ಹೀರ್ತದೆ ಅಷ್ಟೇ, ನಿಲ್ಲಿಸೋದಿಲ್ಲ. ನಿಲ್ಲಿಸೋದು ಸಿಗಡಿ ಚಿಪ್ಪಿಂದ ತೆಗೆಯೋ ಪುಡಿ. ಅದನ್ನ ಆಸಿಡ್ ಹಾಕಿದ ಹುಳಿ ನೀರಲ್ಲಿ ಕರಗಿಸಿ ಬಟ್ಟೆ ಅದ್ದಿ ಒಣಗಿಸ್ತೇವೆ. ಆಮೇಲೆ ರಕ್ತ ತಾಗಿದ್ರೆ ಸಾಕು, ಅಂಟಾಗಿ ಗಾಯಕ್ಕೆ ಕಚ್ಚಿಕೊಳ್ತದೆ. ಬಿಡಿಸ್ಬೇಕಾದ್ರೆ ನೀರಲ್ಲಿ ನೆನೆಸ್ಬೇಕು. ಆಸ್ಪತ್ರೇಲಿ ಏನಂದ್ರು? ನೀವೇ ಹೇಳಿದ್ರಲ್ಲ?”

ಕಾತ್ಯಾಯನಿ ಹೇಳಿದ್ದಳು. ವಿರಾಜಪೇಟೆ ಆಸ್ಪತ್ರೆಯ ನರ್ಸ್ ವನಜಮ್ಮನ ಮಾತು ಅದು: ಕತ್ತರಿ ಹಾಕಿದ್ದೇ ತಡ, ಒಗೆದ ಟವೆಲಿನ ಹಾಗೆ ಜಾರಿ ಬಂತು.

ತಿತಿಮತಿ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಬೆಳ್ಳಿಯಪ್ಪ ನೆರಳಿನ ಮರದ ಕೊಂಬೆ ಕಡಿಯುವಾಗ ಕತ್ತಿ ಜಾರಿ ತೊಡೆ ಸೀಳಿಕೊಂಡಿದ್ದ. ಜೊತೆಗಿದ್ದವರು ಎಸ್ಟೇಟಿನ ಔಷಧಿ ಪೆಟ್ಟಿಗೆಯಿಂದ ಈ ಪಟ್ಟಿ ತೆಗೆದು ಕಟ್ಟಿದರು. ‘ಕಾಫಿ ಪಟ್ಟಿ’ ಎಂದರೆ ಕೂಲಿಯವರ ಲೈನ್‌ಮನೆಗಳಲ್ಲಿ ಅಷ್ಟು ನಂಬಿಕೆ. ಅದನ್ನು ನಂಬಿಯೇ ಮೇಲಿಂದ ಬಿಗಿಯಾಗಿ ಬೇರೇನನ್ನೂ ಕಟ್ಟಲಿಲ್ಲ. ಆಸ್ಪತ್ರೆಗೆ ಹೊರಟ ಜೀಪು ಗೋಣಿಕೊಪ್ಪ ದಾಟುವಾಗ ಅವನಲ್ಲಿ ಉಸಿರಿರಲಿಲ್ಲ.

ಈಗ ಊರಿನ ಸಿಟ್ಟೆಲ್ಲ ಪಟ್ಟಿ ತಯಾರಿಸಿದವಳ ಮೇಲೆ. ಸಂಜೆಯೊಳಗೆ ಬೇರೆ ಪುರಾವೆ ಸಿಗದಿದ್ದರೆ ಹಂಸಿನಿಯನ್ನು ಬಂಧಿಸಬೇಕೆಂದು ಸರ್ಕಲ್ ಇನ್‌ಸ್ಪೆಕ್ಟರ್ ಜಯಪ್ರಕಾಶ್ ಹೇಳಿಯಾಗಿತ್ತು.

“ನಮ್ಮ ಪಟ್ಟಿ ತೆಗೆದು ಅದೇ ಪೊಟ್ಟಣಕ್ಕೆ ಮಾಮೂಲಿ ಬಟ್ಟೆ ತುಂಬಿದ್ದಾರೆ,” ಎಂದ ಪಕ್ಕದಲ್ಲಿ ಕುಳಿತಿದ್ದ ಮಧುಸೂದನ. ಹಂಸಿನಿಯ ಗಂಡ, ಸರಕು ತರಿಸುವುದು, ಕಳಿಸುವುದು ಅವನ ಪಾಲಿನ ಕೆಲಸ. “ಯಾರು, ಯಾಕೆ ಅಂತ ಹುಡುಕೋದು ನಿಮ್ಮ ಕೆಲಸ ಅಲ್ವಾ?”

“ಹುಡುಕ್ತಾ ಇದ್ದೇನೆ. ಪಟ್ಟಿಯ ಬಣ್ಣ ಯಾವುದು?”

ಕೇಳಿದ್ದು ಹಂಸಿನಿಯನ್ನು. ಉತ್ತರಿಸಿದ್ದು ಮಧುಸೂದನ. “ಬಿಳಿ. ಯಾವಾಗ್ಲೂ ಬಿಳಿ. ಸಿಪ್ಪೆ ಕಪ್ಪಿದ್ರೂ ದಾರ ಮಾತ್ರ ಹಾಲಿನ ಹಾಗೆ ಬರ್ತದೆ.”

ಹಂಸಿನಿ ತಲೆಯಾಡಿಸಿದಳು.

ಕಾತ್ಯಾಯನಿಗೆ ರೇಗಿತು. ಗಂಡನ ಮಾತಿಗೆ ತಲೆಯಾಡಿಸುವ ಹೆಂಗಸರನ್ನು ಅವಳು ಠಾಣೆಯಲ್ಲಿ ದಿನವೂ ನೋಡುತ್ತಿದ್ದಳು. ಡಾಕ್ಟರೇಟ್ ಮಾಡಿದವಳೂ ಹಾಗೆಯೇ ತಲೆಯಾಡಿಸಿದಾಗ ಸುಮ್ಮನಿರುವುದು ಕಷ್ಟ.

ಫೋನು ನಡುಗಿತು. ಜಯಪ್ರಕಾಶ್.

“ಎಲ್ಲಿಗೆ ಬಂತು ಕಾತ್ಯಾಯನಿ ಅವರೇ?”

“ಮೈಸೂರಿನ ಲ್ಯಾಬಿಗೆ ಮಾತಾಡಿದೆ ಸಾರ್. ಬಟ್ಟೆನಾ ಅಂತ ನಗಾಡಿದ್ರು. ವಿಷದ ಕೇಸುಗಳೇ ಸರದಿಯಲ್ಲಿ ಕೂತಿವೆಯಂತೆ.”

“ಮತ್ತೆ? ನಾನು ಮೇಲಿನವರಿಗೆ ಏನಂತ ಹೇಳ್ಲಿ, ಬಟ್ಟೆ ಸರದಿಯಲ್ಲಿ ಕೂತಿದೆ ಅಂತಲಾ? ಸಂಜೆ ಅಂದ್ರೆ ಸಂಜೆ. ನೀವು ಹೆಂಗಸರು ಹೆಂಗಸರು ಸೇರಿ ಕಾಫಿ ಕುಡೀತಾ ಕೂರ್ಬೇಡಿ.”

ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಮಾತಿಗೆ ಕೊಡಬೇಕಾದ ಉತ್ತರ ಫೋನು ಇಟ್ಟ ಮೇಲೆಯೇ ಹೊಳೆಯುತ್ತಿತ್ತು.

“ನನ್ನ ಹತ್ರ ಪುರಾವೆ ಒಂದುಂಟು,” ಎಂದಳು ಹಂಸಿನಿ ಇದ್ದಕ್ಕಿದ್ದಂತೆ. “ಪ್ರತಿ ಸಲ ಮಾಲು ಹೋಗುವಾಗ ಅದ್ರಿಂದ ಎರಡು ಪೊಟ್ಟಣ ನನ್ನ ಬೀರುವಿನಲ್ಲಿ ಇಡ್ತೇನೆ. ಬೆಳ್ಳಿಯಪ್ಪನ ಎಸ್ಟೇಟಿಗೆ ಹೋದ ಮಾಲಿಂದೂ ಇದೆ. ನಾನೇ ಕಟ್ಟಿ, ಅಂಟಿಸಿ, ಸಹಿ ಹಾಕಿದ್ದು. ಅದನ್ನ ಗಾಯದ ಬಟ್ಟೆ ಪಕ್ಕ ಇಡಿ. ಎರಡೂ ಬೇರೆ ಅಂತ ಗೊತ್ತಾದ್ರೆ ನನ್ನ ಬಿಡ್ತೀರಲ್ಲ?”

“ಬಿಡ್ತೇವೆ.”

ಹಂಸಿನಿ ಕುತ್ತಿಗೆಯಿಂದ ಸರ ಎಳೆದಳು. ತಾಳಿಯ ಪಕ್ಕದಲ್ಲಿ ಸಣ್ಣ ಕೀಲಿಯೊಂದು ಜೋತುಬಿದ್ದಿತ್ತು. ಬೀರು ತೆಗೆದು ಪೊಟ್ಟಣ ಕೊಟ್ಟಾಗ ಅವಳ ಕೈಯಿಂದ ಸಿಗಡಿ ಚಿಪ್ಪಿನ ವಾಸನೆ ಬಂತು.

“ಎಷ್ಟು ತಿಕ್ಕಿದ್ರೂ ಹೋಗೋದಿಲ್ಲ,” ಎಂದಳು ಹಂಸಿನಿ ಮುಜುಗರದಿಂದ. “ಅತ್ತೆ ನನ್ನ ಹಿತ್ತಲ ಬಾಗಿಲಿಂದಲೇ ಒಳಗೆ ಬಿಡೋದು. ಪೂಜೆ ಮಾಡೋರ ಮನೆ ನೋಡಿ. ಸ್ನಾನ ಆಗೋ ತನಕ ನೀರಿನ ತಂಬಿಗೇನೂ ಮುಟ್ಟೋ ಹಾಗಿಲ್ಲ.”

ಶವಾಗಾರದಿಂದ ಬಂದ ದಿನ ಕಾತ್ಯಾಯನಿಯ ಅಮ್ಮನೂ ಹಿತ್ತಲ ಬಾಗಿಲನ್ನೇ ತೆರೆಯುತ್ತಿದ್ದರು. ತಪ್ಪು ಅಮ್ಮನದೆಂದು ಅನ್ನಿಸುತ್ತಿರಲಿಲ್ಲ, ತನ್ನದೆಂದೂ ಅಲ್ಲ. ಬಕೆಟ್ಟಿನ ತಣ್ಣೀರು ಮೈಮೇಲೆ ಸುರಿದುಕೊಳ್ಳುವಾಗ ಸುಮ್ಮನೆ ಸಿಟ್ಟು ಬರುತ್ತಿತ್ತು.

ಈ ಹೆಂಗಸು ಸುಳ್ಳು ಹೇಳುತ್ತಿಲ್ಲ ಎಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಳು.

*

ಬಟ್ಟೆ ಅದ್ದುವ ಶೆಡ್ಡು ಕಟ್ಟಡದ ಹಿಂದಿತ್ತು. ಸಾಲಾಗಿ ಕಟ್ಟಿದ ಹಗ್ಗಗಳು ಖಾಲಿ. ಒಬ್ಬಳೇ ಹೆಂಗಸು ಕೂತು ದೊಡ್ಡ ಬೋಗುಣಿಯನ್ನು ಉಜ್ಜುತ್ತಿದ್ದಳು, ಆಗಲೇ ಹೊಳೆಯುತ್ತಿದ್ದ ಬೋಗುಣಿಯನ್ನು. ಮಾಲತಿ, ಅದ್ದುವ ಕೆಲಸ ಪೂರ್ತಿ ಅವಳದು.

ಹೆಡ್ ಕಾನ್‌ಸ್ಟೇಬಲ್ ಮಾಯಿಲಪ್ಪ ಬಾಗಿಲಿಗೆ ಒರಗಿ ಮಾತಿಗೆ ತೊಡಗಿದ್ದ.

“ನಮ್ಮ ಜೀಪಿಗೂ ಒಂದು ಪಟ್ಟಿ ಕಟ್ಟಿಕೊಡಿ ಮಾರಾಯ್ರೆ. ಆಯಿಲ್ ಸೋರೋದು ನಿಲ್ತದಾ ನೋಡುವ.”

ಮಾಲತಿ ನಗಲಿಲ್ಲ.

“ಮಾಯಿಲಪ್ಪ, ಒಂದಿಷ್ಟು ಹೊತ್ತು ಸುಮ್ನಿರಿ,” ಎಂದಳು ಕಾತ್ಯಾಯನಿ.

“ಸುಮ್ನೇ ಇದ್ದೆ ಮೇಡಂ. ಇವ್ರು ಅದಕ್ಕಿಂತ ಸುಮ್ನೆ.”

ಮಾಲತಿ ಬೋಗುಣಿ ಎತ್ತಿಕೊಂಡು ನೀರು ಚೆಲ್ಲಲು ಹೊರಟಳು. ಸೀರೆ ಮೇಲಕ್ಕೆ ಸಿಕ್ಕಿಸಿದ್ದರಿಂದ ಕಾಲಿನ ಗಂಟು ಕಾಣುತ್ತಿತ್ತು. ಅಲ್ಲೊಂದು ಬಟ್ಟೆಯ ತುಂಡು. ಟೀ ಸೋಸಿದ ಬಟ್ಟೆಯಂಥ ಕಂದು ಬಣ್ಣ.

“ಕಾಲಿಗೆ ಏನಾಯ್ತು?”

“ಜಿಗಣೆ ಕಚ್ಚಿದ್ದು. ತೋಟದ ದಾರೀಲಿ.”

“ರಕ್ತ ನಿಂತಿತಾ?”

“ಹೂಂ. ಆಗಲೇ.”

ಜಿಗಣೆ ಕಚ್ಚಿದರೆ ಸಂಜೆಯವರೆಗೂ ಕಾಲುಚೀಲ ತೋಯುತ್ತದೆ. ಕೊಡಗಿನಲ್ಲಿ ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಸುಣ್ಣ, ನಶ್ಯ, ಹೊಗೆಸೊಪ್ಪು ಯಾವುದಿಟ್ಟರೂ ತುಸುವಾದರೂ ಒಸರುತ್ತಲೇ ಇರುತ್ತದೆ. ಕಾತ್ಯಾಯನಿ ಬಗ್ಗಿ ಕುಳಿತಳು.

“ಏನು ಕಟ್ಟಿದ್ದು?”

“ಹಳೇ ಸೀರೆ ತುಂಡು.”

ಕಾತ್ಯಾಯನಿ ಬಟ್ಟೆಯ ತುದಿ ಹಿಡಿದು ಮೆಲ್ಲಗೆ ಎಳೆದಳು. ಬರಲಿಲ್ಲ. ಚರ್ಮವೇ ಜೊತೆಗೆ ಮೇಲೆದ್ದಿತು. ಮಾಲತಿ ಕಾಲು ಹಿಂದಕ್ಕೆ ಎಳೆದುಕೊಂಡಳು.

“ಹಳೇ ಸೀರೆ ಹೀಗೆ ಅಂಟ್ತದಾ ಮಾಲತಿ?”

ಮಾಲತಿ ಬೋಗುಣಿಯನ್ನು ಸೊಂಟಕ್ಕೆ ಒತ್ತಿಕೊಂಡಳು.

“ಇದು ನಿಮ್ಮ ಮೇಡಂ ಮಾಡೋ ಪಟ್ಟಿ. ಆದರೆ ಬಣ್ಣ ಬಿಳಿ ಅಂತಾರೆ ಅವ್ರು. ಇದು ಕಂದು ಯಾಕೆ?”

“ನಂಗೊತ್ತಿಲ್ಲ. ಮಣ್ಣಾಗಿರ್ಬೇಕು.”

“ಮಣ್ಣಾದ್ರೆ ಮೇಲೆ ಮಾತ್ರ ಆಗ್ತದೆ. ಇದು ಒಳಗಿನ ಎಳೆಯೂ ಕಂದು.”

“ನಂಗೊತ್ತಿಲ್ಲ ಅಂದ್ನಲ್ಲ!” ಬೋಗುಣಿ ಕೈಜಾರಿ ಸಿಮೆಂಟಿನ ಮೇಲೆ ಬಿತ್ತು. ಶೆಡ್ಡೆಲ್ಲ ಮೊಳಗಿತು. “ನಾನು ಕೆಲಸದವಳು. ಅದ್ದು ಅಂದ್ರೆ ಅದ್ದೋದು, ಒಣಗಿಸು ಅಂದ್ರೆ ಒಣಗಿಸೋದು. ಕೇಳೋದಿದ್ರೆ ಓದಿದವರನ್ನ ಕೇಳಿ. ನನ್ನನ್ನ ಯಾಕೆ ಹಿಂಡ್ತೀರಿ?”

“ಓದಿದವಳು ಸಂಜೆಗೆ ಜೈಲಿಗೆ ಹೋಗ್ತಾಳೆ. ಅದಕ್ಕೆ.”

ಮಾಲತಿ ಗೋಡೆಗೆ ಒರಗಿದಳು. ಒರಗಿದ ಹಾಗೆಯೇ ಕೆಳಕ್ಕೆ ಜಾರಿ ಕೂತಳು. ಬಾಯಿಗೆ ಸೆರಗು ಒತ್ತಿಕೊಂಡಳು. ಒತ್ತಿಕೊಂಡರೂ ಮಾತು ಹೊರಗೆ ಬಂತು.

“ಹಂಸಿನಿ ಮೇಡಂನ ಬಿಟ್ಟುಬಿಡಿ. ಬೆಳ್ಳಿಯಪ್ಪಣ್ಣನ ಕೊಂದವಳು ನಾನು.”

ಮಾಯಿಲಪ್ಪ ಬಾಗಿಲಿನಿಂದ ನೆಟ್ಟಗಾದ.

“ಆ ವಾರ ಮಾಕುಟ್ಟದ ಘಾಟಿ ಕುಸಿದಿತ್ತಲ್ಲ? ಕಣ್ಣೂರಿಂದ ಲಾರಿ ಬರಲಿಲ್ಲ. ಆಸಿಡ್ ಖಾಲಿ. ಮೇಡಂ ಮೈಸೂರಲ್ಲಿ, ಅತ್ತೆಯ ಕಣ್ಣಿನ ಆಪರೇಷನ್‌ಗೆ. ಮಧು ಸಾರ್ ದಿನಾ ಫೋನು. ಎಸ್ಟೇಟಿಗೆ ಮಾಲು ಹೋಗ್ಲೇಬೇಕು, ಏನಾದ್ರೂ ಮಾಡು ಅಂತ. ಏನಾದ್ರೂ ಅಂದ್ರೆ ಎಂತ ಮಾಡೋದು? ಹುಳಿ ತಾನೇ ಬೇಕಾದ್ದು ಅಂದ್ಕೊಂಡೆ. ಹುಳಿ ನಮ್ಮನೇಲಿ ಇತ್ತು.”

“ಯಾವ ಹುಳಿ?”

“ಕಾಚಂಪುಳಿ.”

ಮಳೆಗಾಲದಲ್ಲಿ ಪಣಪುಳಿ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಾಗಿಸಿದ ಹುಳಿ. ಕೊಡಗಿನಲ್ಲಿ ಹಂದಿ ಮಾಂಸದ ಪಂದಿ ಕರಿ ಮಾಡುವ ಮನೆಯಲ್ಲೆಲ್ಲ ಒಂದು ಬಾಟಲಿ ಇದ್ದೇ ಇರುತ್ತದೆ.

“ಅಯ್ಯೋ ದೇವ್ರೇ,” ಎಂದ ಮಾಯಿಲಪ್ಪ. “ಔಷಧಿಗೆ ಪಂದಿ ಕರಿ ಹುಳಿಯಾ?”

“ನೀರು ಹಾಕಿ ತೆಳು ಮಾಡಿದೆ. ಪುಡಿ ಚೆನ್ನಾಗೇ ಕರಗಿತು. ಬಟ್ಟೆ ಒಣಗಿದ ಮೇಲೆ ನೋಡ್ತೇನೆ, ಎಲ್ಲಾ ಕಂದು. ಒಂದೂ ಬಿಡದೆ. ಬಾಟಲಿ ಇಲ್ಲೇ ಸಕ್ಕರೆ ಡಬ್ಬಿ ಹಿಂದೆ ಬಚ್ಚಿಟ್ಟೆ. ಆ ಮಾಲೇ ಬೆಳ್ಳಿಯಪ್ಪಣ್ಣನ ಎಸ್ಟೇಟಿಗೆ ಹೋದದ್ದು. ನನ್ನ ಹುಳಿಗೆ ಪಟ್ಟಿ ಕೆಟ್ಟಿತು, ರಕ್ತ ನಿಲ್ಲಲಿಲ್ಲ, ಸತ್ತುಹೋದ. ಸಾವಿನ ಮನೆಗೆ ಹೋಗಿದ್ದೆ. ಅವರ ಹೆಂಡತಿ ಮುಖ ನೋಡೋಕಾಗದೆ ಹಿತ್ತಲಿಂದ ವಾಪಸ್ ಬಂದೆ.”

ಈ ಹೆಂಗಸು ಆ ದಿನದಿಂದ ಹೊಳೆಯುವ ಬೋಗುಣಿಯನ್ನೇ ಉಜ್ಜುತ್ತಿದ್ದಾಳೆ ಎಂಬುದು ಕಾತ್ಯಾಯನಿಗೆ ಹೊಳೆಯಿತು. ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಖಾಕಿ ಪ್ಯಾಂಟು ಒದ್ದೆಯಾಯಿತು.

“ಮಾಲತಿ, ಇಲ್ಲಿ ನೋಡು. ನಿನ್ನ ಕಾಲಿಗೆ ಕಟ್ಟಿದ್ದು ಅದೇ ಮಾಲಿನ ಪಟ್ಟಿ ತಾನೇ?”

“ಅಂಚು ಕತ್ತರಿಸಿದ ತುಂಡು.”

“ಜಿಗಣೆ ಕಚ್ಚಿದ ರಕ್ತ ಆಗಲೇ ನಿಂತಿತು ಅಂದಿ. ಎಳೆದ್ರೆ ಚರ್ಮ ಬರ್ತದೆ, ಪಟ್ಟಿ ಬರೋದಿಲ್ಲ. ಕೆಟ್ಟ ಪಟ್ಟಿ ಹೀಗಿರ್ತದಾ?”

ಮಾಲತಿ ತನ್ನ ಕಾಲನ್ನು ಬೇರೆ ಯಾರದೋ ಕಾಲಿನ ಹಾಗೆ ನೋಡಿಕೊಂಡಳು.

“ನಿನ್ನ ಹುಳಿ ಯಾರನ್ನೂ ಕೊಂದಿಲ್ಲ. ಬೆಳ್ಳಿಯಪ್ಪನಿಗೆ ಕಟ್ಟಿದ ಬಟ್ಟೆ ಬೇರೆ. ಅದು ರಕ್ತದಲ್ಲಿ ತೋಯ್ದಿತ್ತು, ಬಣ್ಣ ಗೊತ್ತಾಗ್ತಿರಲಿಲ್ಲ. ಆದ್ರೆ ಬಟ್ಟೆ ಕಟ್ಟಿದ ಗಂಟಿನೊಳಗೆ ರಕ್ತ ಇಳಿದಿರಲಿಲ್ಲ. ಅಲ್ಲಿ ಅದು ಬಿಳಿ.”

ಮಾಲತಿಯ ಅಳು ಆಗ ಶುರುವಾಯಿತು. ತಪ್ಪು ಒಪ್ಪಿಕೊಳ್ಳುವಾಗ ಬಾರದ ಅಳು. ಕಾತ್ಯಾಯನಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಬೆಳಗಿನಿಂದ ಮೊದಲ ಸಲ ಏನೋ ಒಂದು ಸರಿಯಾಗಿ ಕೂಡಿಕೊಳ್ಳುತ್ತಿದೆ ಎನಿಸಿತು. ಕಂದು ಮಾಲು ಇಲ್ಲಿಂದ ಹೋಗಿದೆ, ಎಸ್ಟೇಟಿನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಬಿಳಿ. ನಡುವೆ ಯಾರೋ ಬದಲಿಸಿದ್ದಾರೆ. ಬೀರುವಿನ ಪೊಟ್ಟಣದಲ್ಲಿ ಕಂದು ಪಟ್ಟಿ ಇದ್ದರೆ ಹಂಸಿನಿ ಕಳಿಸಿದ್ದು ಸರಿಯಾದ ಮಾಲೇ ಎಂದಾಗುತ್ತದೆ. ಸಂಜೆಗೆ ಅಷ್ಟು ಸಾಕು.

ಬಿಳಿ ಎಂದು ಹಂಸಿನಿ ಒಪ್ಪಿಕೊಂಡದ್ದು ನೆನಪಾಯಿತು. ಆ ಸಲದ ಬಣ್ಣ ಗಮನಿಸದೆ ಗಂಡನ ಮಾತಿಗೆ ತಲೆಯಾಡಿಸಿರಬೇಕು, ಎಂದುಕೊಂಡಳು.

“ಮಾಯಿಲಪ್ಪ, ಆ ಬಾಟಲಿ ತನ್ನಿ. ಮೂರು ಬಟ್ಟಲೂ ಬೇಕು.”

“ಊಟಕ್ಕಾ ಮೇಡಂ?”

“ಹುಳಿ ತಾಗಿದ್ರೆ ಸಿಗಡಿ ಪುಡಿ ಮತ್ತೆ ಕರಗ್ತದೆ ಅಲ್ವಾ ಮಾಲತಿ?”

“ಹೂಂ. ಒಣಗಿದ ಪಟ್ಟಿಗೂ ಹುಳಿ ಬಿದ್ರೆ ಲೋಳೆ ಆಗ್ತದೆ. ಮೇಡಂ ಅದಕ್ಕೇ ಇಲ್ಲಿ ನಿಂಬೆಹಣ್ಣು ತರಬೇಡ ಅಂತಾರೆ.”

“ಮೈಸೂರಿನವರಿಗೆ ಪುರುಸೊತ್ತಿಲ್ಲ. ನಾವೇ ನೋಡುವ.”

ಕೋರ್ಟಿನಲ್ಲಿ ಇದು ನಿಲ್ಲುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಜಯಪ್ರಕಾಶರ ಮುಂದೆ ಒಂದು ಸಂಜೆ ನಿಂತರೆ ಸಾಕಿತ್ತು. ಮಾಯಿಲಪ್ಪ ಶೆಡ್ಡಿನ ಮೂಲೆಯಲ್ಲಿದ್ದ ಟೀ ಕಟ್ಟೆಯ ಮೇಲೆ ಮೂರು ಸ್ಟೀಲ್ ಬಟ್ಟಲು ಜೋಡಿಸಿ, ನೀರು ಬೆರೆಸಿದ ಕಾಚಂಪುಳಿ ಸುರಿದು, ಮೊಬೈಲಿನಲ್ಲಿ ವಿಡಿಯೊ ಶುರು ಮಾಡಿದ. ಶೆಡ್ಡಿನೊಳಗೆ ಅಡುಗೆಮನೆಯ ವಾಸನೆ ಹರಡಿತು.

ಮೊದಲ ಬಟ್ಟಲಿಗೆ ಗಾಯದ ಬಟ್ಟೆಯ ಎಳೆ. ಸೀಲು ಮಾಡಿದ ಬಟ್ಟೆಯನ್ನು ಮುಟ್ಟಿರಲಿಲ್ಲ. ವನಜಮ್ಮ ಕತ್ತರಿಸುವಾಗ ಉದುರಿ, ಕಾತ್ಯಾಯನಿ ಎತ್ತಿಟ್ಟುಕೊಂಡಿದ್ದ ಗಂಟಿನ ಎರಡು ಚೂರುಗಳಲ್ಲಿ ಒಂದು. ಅದು ಹುಳಿಯಲ್ಲಿ ಮುಳುಗಿ ತಣ್ಣಗೆ ಮಲಗಿತು. ಬೆರಳಿಗೆ ಸಿಕ್ಕಿದ್ದು ಬರೀ ಒದ್ದೆ ಹತ್ತಿ.

ಎರಡನೆಯದಕ್ಕೆ ಮಾಲತಿಯ ಕಾಲಿನ ಪಟ್ಟಿಯಿಂದ ಕತ್ತರಿಸಿದ ತುದಿ. ಅದು ನೋಡನೋಡುತ್ತ ಉಬ್ಬಿತು. ಮೈತುಂಬ ಲೋಳೆ ಬಿಟ್ಟಿತು. ಬೆರಳಿನಿಂದ ಎತ್ತಿದರೆ ದಾಸವಾಳದ ಎಲೆ ಕಿವುಚಿದ ಹಾಗೆ ನೂಲಾಗಿ ಇಳಿಯಿತು.

“ನೋಡಿದ್ರಾ!” ಮಾಯಿಲಪ್ಪನ ಧ್ವನಿ ವಿಡಿಯೊದಲ್ಲಿ ಸೇರಿಕೊಂಡಿತು. “ಮೇಡಂ, ಲ್ಯಾಬಿನವರಿಗೆ ಒಂದು ಬಾಟಲಿ ಕಳಿಸಿ.”

ಕಾತ್ಯಾಯನಿ ನಕ್ಕಳು. ನಗುತ್ತಲೇ ಹಂಸಿನಿ ಕೊಟ್ಟ ಪೊಟ್ಟಣ ತೆಗೆದುಕೊಂಡಳು. ಅಂಟು ಬಿಟ್ಟಿರಲಿಲ್ಲ. ಮೇಲೆ ಹಂಸಿನಿಯ ಸಹಿ, ಎಲ್ಲೂ ತುಂಡಾಗಿರಲಿಲ್ಲ. ಕ್ಯಾಮೆರಾಗೆ ತೋರಿಸಿ ಅಂಚು ಹರಿದಳು.

ಒಳಗಿನ ಬಟ್ಟೆ ಬಿಳಿಯಾಗಿತ್ತು.

ಮಾಲತಿ ಮುಂದಕ್ಕೆ ಬಗ್ಗಿದಳು. ಕಾತ್ಯಾಯನಿ ಒಂದು ತುಂಡು ಕತ್ತರಿಸಿ ಮೂರನೆಯ ಬಟ್ಟಲಿಗೆ ಹಾಕಿದಳು. ಕಾದಳು. ಚಮಚದಿಂದ ತಿರುವಿದಳು. ಮತ್ತೆ ಕಾದಳು. ಬಟ್ಟೆ ಬಟ್ಟೆಯಾಗಿಯೇ ಇತ್ತು. ಉಬ್ಬಲಿಲ್ಲ, ಜಾರಲಿಲ್ಲ. ಮೊದಲ ಬಟ್ಟಲಿನದೂ ಇದೂ ಒಂದೇ ಥಾನಿನಿಂದ ಹರಿದ ಹಾಗಿದ್ದವು.

“ವಿಡಿಯೊ ನಿಲ್ಲಿಸ್ಲಾ ಮೇಡಂ?” ಮಾಯಿಲಪ್ಪ ಮೆಲ್ಲಗೆ ಕೇಳಿದ.

ಅವಳು ಒಂದನೆಯ, ಮೂರನೆಯ ಬಟ್ಟಲುಗಳನ್ನು ಪಕ್ಕಪಕ್ಕಕ್ಕೆ ಸರಿಸಿದಳು. ಬದಲಾದದ್ದು ದಾರಿಯಲ್ಲಲ್ಲ. ಎಸ್ಟೇಟಿನಲ್ಲೂ ಅಲ್ಲ. ಇದೇ ಸೂರಿನ ಕೆಳಗೆ, ಹಂಸಿನಿ ಸಹಿ ಹಾಕುವ ಮೊದಲೇ.

“ಮಾಲತಿ, ಕಂದು ಪಟ್ಟಿ ಒಣಗಿದ ಮೇಲೆ ಯಾರ ಕೈಗೆ ಕೊಟ್ಟೆ? ಮಧುಸೂದನ ಅವರಿಗಾ?”

ಮಾಲತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಬಿಚ್ಚಿದಳು. ಮತ್ತೆ ಸುತ್ತಿಕೊಂಡಳು.

“ಮೇಡಂ ಮೈಸೂರಿಂದ ಬಂದ ದಿನ ಅವರ ಕೈಗೇ ಕೊಟ್ಟೆ.”

“ಹಂಸಿನಿ ಕೈಗೆ? ಕಂದು ಪಟ್ಟೀನೇ?”

“ಕಟ್ಟು ಪೂರ್ತಿ. ಬೈಸ್ಕೊಳ್ಳೋಕೆ ರೆಡಿಯಾಗಿ ನಿಂತಿದ್ದೆ. ಅವ್ರು ಒಂದನ್ನ ಎತ್ತಿ ಬೆಳಕಿಗೆ ಹಿಡಿದು ನೋಡಿದ್ರು. ಮೂಗಿನ ಹತ್ರ ತಂದ್ರು. ಈ ವಾಸನೆ ಯಾರಿಗೆ ಗೊತ್ತಾಗೋದಿಲ್ಲ ಹೇಳಿ? ಆದ್ರೆ ಏನೂ ಕೇಳಲಿಲ್ಲ. ನಂಗೊಂದು ಮಾತೂ ಬೈಲಿಲ್ಲ. ಕಟ್ಟು ಎತ್ಕೊಂಡು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಬೈದಿದ್ರೆ ಸಮಾಧಾನ ಆಗ್ತಿತ್ತು.”

ಯಾವಾಗ್ಲೂ ಬಿಳಿ ಎಂದಿದ್ದ ಗಂಡ. ತಲೆಯಾಡಿಸಿದ ಹೆಂಡತಿ. ಹುಳಿ ವಾಸನೆಯ ಕಂದು ಪಟ್ಟಿ ಕಳಿಸಲಾಗದೆ ಅವಳೇ ಮಾಮೂಲಿ ಬಿಳಿ ಬಟ್ಟೆ ತುಂಬಿ ಸಹಿ ಹಾಕಿರಬೇಕು. ಆ ತಲೆಯಾಡಿಸುವಿಕೆಯನ್ನು ಕಾತ್ಯಾಯನಿ ಈಗ ಇನ್ನೊಮ್ಮೆ ಕಣ್ಣಿಗೆ ತಂದುಕೊಂಡಳು. ಅದು ಅಂಜಿದವಳದೆಂದು ತಾನು ಯಾಕೆ ತಿಳಿದುಕೊಂಡೆ? ಹಿತ್ತಲ ಬಾಗಿಲಿನ ಕತೆ ಹೇಳಿದ್ದಕ್ಕೆ. ತನ್ನದೂ ಅದೇ ಕತೆಯಾದ್ದಕ್ಕೆ. ಅಷ್ಟಕ್ಕೇ ಮರುಳಾದೆನಲ್ಲ ಎಂದು ಕೈ ಹಿಸುಕಿಕೊಳ್ಳುವಷ್ಟು ಸಿಟ್ಟು ಬಂತು. ಆದರೂ ಒಂದು ಅರ್ಥವಾಗುತ್ತಿರಲಿಲ್ಲ. ತಪ್ಪಿತಸ್ಥಳಾಗಿದ್ದರೆ ಈ ಪೊಟ್ಟಣವನ್ನು ತಾನಾಗಿ ತಂದು ಯಾಕೆ ಕೊಡಬೇಕಿತ್ತು?

ಫೋನು ನಡುಗತೊಡಗಿತು. ಜಯಪ್ರಕಾಶ್. ಬೆಳಗಿನಿಂದ ಕಾಲಾವಕಾಶ ಬೇಡಿದ್ದಳು. ಈಗ ಅವರಿಗೆ ಬೇಕಾದ ಉತ್ತರವೇ ಅವಳ ಮುಂದಿನ ಬಟ್ಟಲಿನಲ್ಲಿತ್ತು. ಬೆರಳು ಹಸಿರು ಗುಂಡಿಯ ಮೇಲೆ ನಿಂತೇ ಇತ್ತು.

ಹೊರಗೆ ಚಪ್ಪಲಿಯ ಸದ್ದಾಯಿತು. ಹಂಸಿನಿ. ಒಬ್ಬಳೇ. ಕಾದು ಕಾದು ತಡೆಯಲಾರದೆ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು. ಬಾಗಿಲಲ್ಲಿ ನಿಂತವಳ ಮೂಗಿಗೆ ವಾಸನೆ ತಾಗಿರಬೇಕು. ಕೈ ತಾನಾಗಿ ಕುತ್ತಿಗೆಯ ಸರದ ಕೀಲಿಗೆ ಹೋಯಿತು.

ಅವಳು ಮಾಲತಿಯ ಅತ್ತು ಕೆಂಪಾದ ಮುಖ ನೋಡಿದಳು. ಟೀ ಕಟ್ಟೆಯ ಮೇಲಿನ ಮೂರು ಬಟ್ಟಲುಗಳನ್ನು ನೋಡಿದಳು. ಕಾತ್ಯಾಯನಿಯ ಕೈಯಲ್ಲಿ ಹರಿದ ಪೊಟ್ಟಣವಿತ್ತು. ಅದನ್ನು ನೋಡಲೇ ಇಲ್ಲ.

“ಮೂರರಲ್ಲಿ ನನ್ನದು ಯಾವುದು ಮೇಡಂ?” ಎಂದು ಕೇಳಿದಳು. ಗೊತ್ತಿಲ್ಲದೆ ಕೇಳಿದಳೋ, ಗೊತ್ತಿದ್ದೇ ಕೇಳಿದಳೋ, ಈ ಸಲ ಕಾತ್ಯಾಯನಿ ತೀರ್ಮಾನಿಸಲು ಹೋಗಲಿಲ್ಲ.

ಫೋನು ಇನ್ನೂ ನಡುಗುತ್ತಿತ್ತು.